ಬೇಲಿಯಾಚೆ ಬಾಗಿದ ಮರ



ಆಷಾಢದ ಗಾಳಿ ಎದ್ದಿತೆಂದರೆ ತಾಲ್ಲೂಕು ಕೋರ್ಟಿನಲ್ಲಿ ಕೆಲಸ ಮಾಡುವ ನಮ್ಮಂಥ ವಕೀಲರ ಬಾಗಿಲಿಗೆ ಮರದ ಜಗಳಗಳು ಬರುತ್ತವೆ. ಒಂದು ವರ್ಷ, ರಾತ್ರಿಯೆಲ್ಲ ಗಾಳಿ ಬೀಸಿದ ಮರುಬೆಳಗ್ಗೆ, ನಮ್ಮೂರಿನವರೇ ಒಬ್ಬರು ಟವೆಲ್ಲಿನಲ್ಲಿ ಏನನ್ನೋ ಸುತ್ತಿಕೊಂಡು ಬಂದರು. ನನ್ನ ಮೇಜಿನ ಮೇಲೆ ಗಂಟು ಬಿಚ್ಚಿದರೆ ಒಡೆದ ಮಂಗಳೂರು ಹೆಂಚಿನ ನಾಲ್ಕು ಚೂರು, ಜೊತೆಗೆ ಒಂದು ಬಲಿತ ತೆಂಗಿನಕಾಯಿ. "ಮೇಡಂ, ಮೊಮ್ಮಗು ಮಲಗಿದ್ದ ತೊಟ್ಟಿಲಿಂದ ಎರಡು ಮಾರು ಆಚೆ ಬಿತ್ತು ಇದು. ಹೆಂಚು ಹೋದ್ರೆ ಹೋಗ್ಲಿ. ನಾಳೆ ಆಳು ಕರೆಸಿ ಮರ ಉರುಳಿಸಿಬಿಡ್ತೀನಿ. ನಮ್ಮನೆ ಮೇಲೆ ಬಾಗಿರೋ ಮರ ಕಡಿಯೋಕೆ ನನಗೆ ಹಕ್ಕಿಲ್ವಾ?" ಎಂದರು.

ಮರ ಪಕ್ಕದ ಮನೆಯ ಅಜ್ಜಿಯದು. ಅವರನ್ನೂ ನಾನು ಬಲ್ಲೆ. ಮಗ ಹುಟ್ಟಿದ ವರ್ಷ ಅವರ ಯಜಮಾನರು ನೆಟ್ಟ ಸಸಿ ಅದು. ಯಜಮಾನರು ಈಗಿಲ್ಲ, ಮಗ ದೂರದ ಊರಲ್ಲಿದ್ದಾನೆ, ಮರ ಇದೆ. ಈ ಇಬ್ಬರಲ್ಲಿ ಯಾರೂ ಕೆಟ್ಟವರಲ್ಲ. ಮರದ ವ್ಯಾಜ್ಯಗಳಲ್ಲಿ ಬಹುಪಾಲು ಹೀಗೆಯೇ ಇರುತ್ತವೆ. ಇವತ್ತಿನ ನನ್ನ ಮಾತು ಹೆಂಚು ತಂದವರು ಕೇಳಿದ ಆ ಪ್ರಶ್ನೆಯ ಸುತ್ತಲೇ ಇದೆ.

ಮೊದಲು ಮರ ಯಾರದು ಎಂಬುದು ಇತ್ಯರ್ಥವಾಗಬೇಕು. ಕಾನೂನಿನ ಕಣ್ಣಿಗೆ ನೆಲಕ್ಕೆ ಬೇರೂರಿದ್ದು ನೆಲದ ಭಾಗ. ಬುಡ ಯಾರ ನೆಲದಲ್ಲಿದೆಯೋ ಮರ ಅವರದು. ಸಸಿ ತಂದವರು ಯಾರು, ಬೇಸಿಗೆಯಲ್ಲಿ ನೀರು ಹೊತ್ತವರು ಯಾರು, ನೆರಳಿನಲ್ಲಿ ಕೂತವರು ಯಾರು ಎಂಬುದೆಲ್ಲ ಮನಸ್ಸಿಗೆ ದೊಡ್ಡದು, ಒಡೆತನಕ್ಕೆ ಅಲ್ಲ. ಬುಡವೇ ಗಡಿಯ ಮೇಲೆ ಕೂತಿದ್ದರೆ ಮರ ಇಬ್ಬರದೂ ಹೌದು. ಆಗ ಒಬ್ಬರು ಇನ್ನೊಬ್ಬರನ್ನು ಕೇಳದೆ ಅದನ್ನು ಕಡಿಯುವಂತಿಲ್ಲ. ಗಡಿ ಎಲ್ಲಿದೆ ಎಂಬುದೇ ಜಗಳವಾದರೆ, ಜಮೀನುಗಳ ಮಟ್ಟಿಗೆ, ಭೂಮಾಪನ ಇಲಾಖೆಗೆ ಹದ್ದುಬಸ್ತಿಗೆ ಅರ್ಜಿ ಕೊಡಿ. ಸರ್ವೆಯವರು ಬಂದು ಕಲ್ಲು ತೋರಿಸಿದ ಮೇಲೆ ಎಷ್ಟೋ ಮರದ ಜಗಳಗಳು ತಾವಾಗಿಯೇ ಮುಗಿದದ್ದನ್ನು ನೋಡಿದ್ದೇನೆ. ಬೇಲಿಯನ್ನು ಮಾತ್ರ ನಂಬಬೇಡಿ. ತಲೆಮಾರಿನಿಂದ ತಲೆಮಾರಿಗೆ ಬೇಲಿ ಅತ್ತಿತ್ತ ಸರಿದಿರುತ್ತದೆ.

ಇನ್ನು ರೆಂಬೆಯ ವಿಚಾರ. ಪಕ್ಕದವರ ಮಾವೋ ಹಲಸೋ ನಿಮ್ಮ ಹಿತ್ತಲಿನ ಮೇಲೆ ಚಾಚಿದೆ. ಅದನ್ನು ಸಹಿಸಿಕೊಂಡೇ ಇರಬೇಕೆ? ಬೇಕಿಲ್ಲ. 1894ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 'ಲೆಮನ್ ಮತ್ತು ವೆಬ್' ಎಂಬ ವ್ಯಾಜ್ಯದಲ್ಲಿ ಒಂದು ತೀರ್ಪು ಕೊಟ್ಟಿತು. ನಿಮ್ಮ ನೆಲದ ಮೇಲೆ ಚಾಚಿದ ರೆಂಬೆಯನ್ನು ಗಡಿಯವರೆಗೆ, ನಿಮ್ಮ ನೆಲದಲ್ಲೇ ನಿಂತು, ನೀವು ಕತ್ತರಿಸಬಹುದು ಎಂದಿತು. ನಮ್ಮ ನ್ಯಾಯಾಲಯಗಳೂ ಬಹುಮಟ್ಟಿಗೆ ಅದೇ ದಾರಿಯಲ್ಲಿ ನಡೆದಿವೆ. ಮರದ ಒಡೆಯರು ಕೆಲವೊಮ್ಮೆ, "ಮೂವತ್ತು ವರ್ಷದಿಂದ ಈ ರೆಂಬೆ ಇಲ್ಲೇ ಇದೆ, ಈಗ ಅದು ನಮ್ಮ ಹಕ್ಕು" ಎಂದು ವಾದಿಸುತ್ತಾರೆ. ಆ ವಾದ ನಿಲ್ಲುವುದಿಲ್ಲ. ದಾರಿ, ನೀರು, ಬೆಳಕು ಇವುಗಳಿಗೆ ಅನುಭೋಗದ ಹಕ್ಕು ಹುಟ್ಟುತ್ತದೆ, ನಿಜ. ಆದರೆ ರೆಂಬೆ ವರ್ಷ ವರ್ಷ ಬೆಳೆಯುವಂಥದು. ಈ ವರ್ಷದ ರೆಂಬೆ ಹೋದ ವರ್ಷದ್ದಲ್ಲ. ಒಂದೇ ಸ್ಥಿತಿಯಲ್ಲಿ 20 ವರ್ಷ ನಿಂತದ್ದಾದರೂ ಯಾವುದು? ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಮುಂಬಯಿ ಹೈಕೋರ್ಟು, ಚಾಚಿದ ಕೊಂಬೆಗೆ ಇಂಥ ಹಕ್ಕು ಹುಟ್ಟುವುದಿಲ್ಲ ಎಂದು ಹೇಳಿದೆ.

ಇಷ್ಟು ಕೇಳಿ ಯಾರಾದರೂ ಮಚ್ಚು ಹುಡುಕಲು ಎದ್ದಿದ್ದರೆ ದಯವಿಟ್ಟು ಕೂತುಕೊಳ್ಳಿ. ಈ ಹಕ್ಕು ಗಡಿಗೆ ಬಂದು ನಿಲ್ಲುತ್ತದೆ. ಗಡಿಯಿಂದ ಒಂದು ಗೇಣು ಆಚೆಗೆ ನಿಮ್ಮ ಮಚ್ಚು ಹೋದರೆ ಅದು ಬೇರೆಯವರ ಆಸ್ತಿಗೆ ಮಾಡಿದ ಹಾನಿ. ಮರ ಹತ್ತಲು ಅವರ ಹಿತ್ತಲಿಗೆ ಇಳಿದರೆ ಅತಿಕ್ರಮ ಪ್ರವೇಶದ ದೂರಿಗೆ ದಾರಿಯಾಗುತ್ತದೆ. ಭಾರತೀಯ ನ್ಯಾಯ ಸಂಹಿತೆಯ 324 ಮತ್ತು 329ನೆಯ ಕಲಮುಗಳು ಇವೆರಡರ ಬಗ್ಗೆ ಇವೆ. ಕತ್ತರಿಸಿದ ರೆಂಬೆಯಾಗಲಿ ಅದರಲ್ಲಿರುವ ಹಣ್ಣಾಗಲಿ ನಿಮ್ಮದಲ್ಲ, ಮರದ ಒಡೆಯರದು. 1919ರಲ್ಲಿ ಇಂಗ್ಲೆಂಡಿನಲ್ಲಿ ಒಬ್ಬಾತ ತನ್ನ ತೋಟದ ಮೇಲೆ ಚಾಚಿದ ಕೊಂಬೆಯ ಸೇಬುಗಳನ್ನು ಕಿತ್ತು ಮಾರಿದ. ಕೊಂಬೆ ಕಡಿಯುವ ಹಕ್ಕು ನಿನ್ನದು, ಸೇಬು ನಿನ್ನದಲ್ಲ ಎಂದಿತು ನ್ಯಾಯಾಲಯ. ನಮ್ಮ ಅಪರಾಧ ಕಾನೂನಿನಲ್ಲೂ ಕಳ್ಳತನದ ಅರ್ಥ ವಿವರಿಸುವಾಗ ಕೊಟ್ಟಿರುವ ಮೊದಲ ಉದಾಹರಣೆಯೇ ಮರದ್ದು. ನೆಲದಲ್ಲಿ ನಿಂತ ಮರವನ್ನು ಕದಿಯಲಾಗದು, ಆದರೆ ಅಪ್ರಾಮಾಣಿಕ ಉದ್ದೇಶದಿಂದ ಕಡಿದು ನೆಲದಿಂದ ಬೇರ್ಪಡಿಸಿದ ಕ್ಷಣ ಅದು ಕಳ್ಳತನ. ನಮ್ಮ ಹಳ್ಳಿಗಳಲ್ಲಿ ಬೇಲಿಯಾಚೆ ಬಿದ್ದ ಹಲಸಿನ ಹಣ್ಣನ್ನು ಕೊಯ್ದು, ಅರ್ಧ ತೊಳೆಯನ್ನು ತಟ್ಟೆಯಲ್ಲಿಟ್ಟು ಮರದ ಮನೆಗೆ ಕಳಿಸುವ ರೂಢಿ ಇತ್ತು. ಅದು ಕಾನೂನಿನ ಲೆಕ್ಕವಲ್ಲ, ನೆರೆಹೊರೆಯ ಒಪ್ಪಿಗೆ.

ಇನ್ನೊಂದು ತೊಡಕನ್ನು ಬಹಳ ಜನ ಗಮನಿಸುವುದಿಲ್ಲ. ನಮ್ಮ ರಾಜ್ಯದಲ್ಲಿ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ ಇದೆ. ಅದರ 8ನೆಯ ಕಲಮಿನ ಪ್ರಕಾರ ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲ, ಅದು ಸ್ವಂತ ಹಿತ್ತಲಿನ ಮರವಾದರೂ ಸರಿ. ಕಡಿಯುವುದು ಎಂಬ ಮಾತಿಗೆ ಆ ಕಾಯ್ದೆ ಕೊಟ್ಟಿರುವ ಅರ್ಥ ಬಹಳ ಅಗಲವಾದದ್ದು. ರೆಂಬೆ ಸವರುವುದು, ತಲೆ ಕತ್ತರಿಸುವುದು, ಸುತ್ತ ತೊಗಟೆ ಸುಲಿಯುವುದು, ವಿಷ ಹಾಕುವುದು, ಬೆಂಕಿ ಇಡುವುದು ಎಲ್ಲವೂ ಅದರಲ್ಲಿ ಸೇರಿವೆ. ರಾತ್ರೋರಾತ್ರಿ ಬುಡಕ್ಕೆ ಆಸಿಡ್ ಸುರಿದು, ಮರ ತಾನಾಗಿ ಒಣಗಿತು ಎಂದು ಹೇಳುವವರಿಗೂ ಈ ಮಾತು ಅನ್ವಯಿಸುತ್ತದೆ. ಹಾಗಾಗಿ ಪಟ್ಟಣ, ನಗರಗಳಲ್ಲಂತೂ ಪಕ್ಕದವರ ಬೇವಿನ ದೊಡ್ಡ ಕೊಂಬೆಗೆ ಗರಗಸ ಇಡುವ ಮುನ್ನ ಅರಣ್ಯ ಇಲಾಖೆಯ ಕಚೇರಿಗೆ ಅಥವಾ ನಗರಾಡಳಿತದ ಅರಣ್ಯ ವಿಭಾಗಕ್ಕೆ ಒಂದು ಅರ್ಜಿ ಕೊಡಿ. ಮರ ಸತ್ತಿದ್ದರೆ, ರೋಗ ತಗುಲಿದ್ದರೆ, ಗಾಳಿಗೆ ಉರುಳಿದ್ದರೆ, ಜೀವಕ್ಕೋ ಆಸ್ತಿಗೋ ಅಪಾಯ ತರುವಂತಿದ್ದರೆ ಅನುಮತಿ ನಿರಾಕರಿಸಬಾರದೆಂದು ಅದೇ ಕಾಯ್ದೆ ಹೇಳುತ್ತದೆ. ಮನೆ ಮುಂದಿನ ರಸ್ತೆಬದಿಯ ಮರವಾದರೆ ಅದು ನಿಮ್ಮದೂ ಅಲ್ಲ, ಪಕ್ಕದವರದೂ ಅಲ್ಲ. ಕೊಂಬೆ ವಿದ್ಯುತ್ ತಂತಿಗೆ ತಾಗುತ್ತಿದ್ದರೆ ಯಾರೂ ಮುಟ್ಟಬೇಡಿ. 1912ಕ್ಕೆ ಫೋನು ಮಾಡಿ, ವಿದ್ಯುತ್ ಕಂಪನಿಯವರೇ ಬಂದು ಸವರಲಿ.

ತೆಂಗು ಈ ಕಾಯ್ದೆಯ ಅನುಮತಿಯಿಂದ ಹೊರಗಿದೆ. ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್ ಮುಂತಾದ ಕೆಲವು ಮರಗಳೂ ಹೊರಗಿವೆ. ಟವೆಲ್ಲಿನಲ್ಲಿ ಹೆಂಚು ತಂದವರಿಗೆ ಈ ಸುದ್ದಿ ಹೇಗೋ ಸಿಕ್ಕಿತ್ತು. "ತೆಂಗಿಗೆ ಪರ್ಮಿಶನ್ ಬೇಡವಂತಲ್ಲ?" ಎಂದರು. ಬೇಡ, ಆದರೆ ಅದು ಮರದ ಒಡೆಯರಿಗೆ ಸಿಕ್ಕ ವಿನಾಯಿತಿ. ಸರ್ಕಾರವನ್ನು ಕೇಳಬೇಕಿಲ್ಲ ಎಂದ ಮಾತ್ರಕ್ಕೆ ಅಜ್ಜಿಯನ್ನೂ ಕೇಳಬೇಕಿಲ್ಲ ಎಂದಾಗುವುದಿಲ್ಲ.

ತೆಂಗಿನದು ಬೇರೆಯೇ ಕಷ್ಟ. ಮಾವಿನ ಕೊಂಬೆ ಕಡಿದರೆ ಇನ್ನೊಂದು ಚಿಗುರುತ್ತದೆ. ತೆಂಗಿಗೆ ಕೊಂಬೆಯೇ ಇಲ್ಲ, ಬೆಳೆಯುವ ತುದಿ ಒಂದೇ. ಸುಳಿ ಕಡಿದರೆ ಮರ ಸತ್ತಂತೆ. ಗಡಿ ದಾಟಿದ ಗರಿಯನ್ನು ನೀವು ಕತ್ತರಿಸಿಕೊಳ್ಳಬಹುದು. ಆದರೆ ಕಾಂಡವೇ ಬಾಗಿ ಇಡೀ ತಲೆ ನಿಮ್ಮ ಸೂರಿನ ಮೇಲೆ ಬಂದು ನಿಂತಿದ್ದರೆ, ಗಡಿಯ ಗೆರೆ ಹಿಡಿದು ಕತ್ತರಿಸುವುದೆಂದರೆ ಬೇರೆಯವರ ನೆಲದಲ್ಲಿ ಬದುಕಿರುವ ಮರವನ್ನು ಕೊಂದಂತೆ. ಅಲ್ಲಿ ನಾನು ಯಾವ ಕಕ್ಷಿದಾರರಿಗೂ ಸ್ವಂತ ಕೈಯಿಂದ ಮಾಡಿ ಎಂದು ಹೇಳಿಲ್ಲ, ಹೇಳುವುದೂ ಇಲ್ಲ.

ನಮ್ಮ ತಿಪಟೂರು ಸೀಮೆಯಲ್ಲಿ ಈ ಅಪಾಯ ಸ್ವಲ್ಪ ಹೆಚ್ಚು. ಉಂಡೆ ಕೊಬ್ಬರಿಗೆ ಪೂರ್ತಿ ಬಲಿತ ಕಾಯಿಯೇ ಬೇಕು, ಹಾಗಾಗಿ ಕಾಯಿಯನ್ನು ಮರದಲ್ಲೇ ಬಲಿಯಲು ಬಿಡುತ್ತೇವೆ. ತೋಟದಲ್ಲಿ ಅದು ಸರಿ, ಮನೆಯ ಪಕ್ಕದಲ್ಲಿ ಸರಿಯಲ್ಲ. ಮರ ಹತ್ತುವವರು ಸಿಗುವುದೂ ಈಗ ಕಷ್ಟ. ಅಜ್ಜಿ ನನಗೆ ಹೇಳಿದ್ದೂ ಅದನ್ನೇ. "ಎರಡು ತಿಂಗಳಿಂದ ಹೇಳಿಕಳಿಸ್ತಿದೀನಿ, ಯಾರೂ ಬರ್ತಿಲ್ಲ ಕಣಮ್ಮ. ಆದ್ರೂ ತೆಂಗಿಗೆ ಕಣ್ಣಿದೆ. ಇದುವರ್ಗೂ ಯಾರ ತಲೆ ಮೇಲೂ ಬಿದ್ದಿಲ್ಲ." ನಾನೂ ಚಿಕ್ಕಂದಿನಿಂದ ಆ ಮಾತು ಕೇಳಿಯೇ ತೆಂಗಿನ ತೋಟದಲ್ಲಿ ಆಡಿದವಳು. ಆದರೂ ಅಜ್ಜಿಗೆ, ನ್ಯಾಯಾಲಯ ತೆಂಗಿನ ಕಣ್ಣನ್ನು ಕೇಳುವುದಿಲ್ಲ, ನಿಮ್ಮ ಕಣ್ಣನ್ನು ಕೇಳುತ್ತದೆ ಎಂದು ಹೇಳಬೇಕಾಯಿತು. ಮರ ಬಾಗಿದ್ದು ನಿಮಗೆ ಕಂಡಿತ್ತೇ? ಕಾಯಿ ಬಲಿತದ್ದು ಕಂಡಿತ್ತೇ? ಪಕ್ಕದವರು ಹೇಳಿದ್ದರೇ?

ಮರದ ಕಾನೂನಿನ ತಿರುಳೇ ಈ ಪ್ರಶ್ನೆ. ಮರ ಬಿದ್ದು ಹಾನಿಯಾದರೆ ಒಡೆಯರು ತೆರಬೇಕೇ ಎಂಬುದು, ಅಪಾಯ ಅವರಿಗೆ ಗೊತ್ತಿತ್ತೇ, ಗೊತ್ತಿರಬೇಕಿತ್ತೇ ಎಂಬುದರ ಮೇಲೆ ನಿಲ್ಲುತ್ತದೆ. 1926ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ಒಂದು ವ್ಯಾಜ್ಯ ಬಂತು. ಗಾಳಿಯಿಲ್ಲದ ದಿನ, ನೋಡಲು ಗಟ್ಟಿಯಾಗಿದ್ದ ಬೀಚ್ ಮರದ ಕೊಂಬೆ ಮುರಿದು ದಾರಿಯಲ್ಲಿ ಹೋಗುತ್ತಿದ್ದ ವಾಹನದ ಮೇಲೆ ಬಿದ್ದಿತ್ತು. ಒಳಗಿನ ದೋಷ ಯಾರ ಕಣ್ಣಿಗೂ ಕಾಣುವಂತಿರಲಿಲ್ಲ, ಆದ್ದರಿಂದ ಒಡೆಯರ ತಪ್ಪಿಲ್ಲ ಎಂದು ತೀರ್ಪಾಯಿತು. ನಮ್ಮ ದೇಶದ್ದೇ ಒಂದು ಪ್ರಕರಣ ಇದಕ್ಕೆ ತೀರ ವಿರುದ್ಧವಾದದ್ದು. 1964ರ ಆಗಸ್ಟಿನಲ್ಲಿ ದೆಹಲಿಯ ರಸ್ತೆಯೊಂದರಲ್ಲಿ ಸ್ಕೂಟರಿನಲ್ಲಿ ಹೋಗುತ್ತಿದ್ದವರ ತಲೆಯ ಮೇಲೆ ರಸ್ತೆಬದಿಯ ಮರದ ಕೊಂಬೆ ಬಿತ್ತು. ಅವರು ಉಳಿಯಲಿಲ್ಲ. ಆ ಮರ ಮೊದಲೇ ಒಣಗಿ ಸತ್ತಿತ್ತು. ನೋಡಿದವರಿಗೆ ತಿಳಿಯುವಂತಿತ್ತು, ಆದರೆ ನೋಡಬೇಕಾದವರು ನೋಡಿರಲಿಲ್ಲ. ಆಗಾಗ ಪರೀಕ್ಷಿಸಿ ಅಪಾಯದ ಮರವನ್ನು ತೆಗೆಸುವುದು ನಿಮ್ಮ ಹೊಣೆಯಾಗಿತ್ತು ಎಂದು ಸುಪ್ರೀಂ ಕೋರ್ಟು ದೆಹಲಿ ನಗರಪಾಲಿಕೆಗೆ ಹೇಳಿದ್ದು 1999ರಲ್ಲಿ. ಕೊಂಬೆ ಬಿದ್ದಲ್ಲಿಂದ ತೀರ್ಪಿಗೆ 35 ವರ್ಷ. ಆ ಮನೆಯವರನ್ನು ನೆನೆದಾಗಲೆಲ್ಲ, ಪರಿಹಾರಕ್ಕೆ ಹೋರಾಡುವ ಕಾನೂನಿಗಿಂತ ಮೊದಲೇ ಎಚ್ಚರಿಸುವ ಒಂದು ಕಾಗದ ಎಷ್ಟು ದೊಡ್ಡದು ಅನ್ನಿಸುತ್ತದೆ.

ಆ ಕಾಗದವನ್ನು ಹೇಗೆ ಬರೆಯಬೇಕು? ಸರಳವಾಗಿ, ತಾರೀಖು ಹಾಕಿ. ಯಾವ ಮರ, ಎಲ್ಲಿದೆ, ನಿಮಗೆ ಏನು ಕಂಡಿದೆ, ಯಾವುದರ ಭಯ, ಏನು ಮಾಡಿಸಿಕೊಡಬೇಕೆಂಬ ಕೋರಿಕೆ. ಎರಡು ಫೋಟೋ ಜೊತೆಗಿರಲಿ. ಮೊದಲು ಬಾಯಲ್ಲಿ ಹೇಳಿ, ಆಮೇಲೆ ಕಾಗದ ಕೊಟ್ಟು ಒಂದು ಪ್ರತಿಗೆ ಸಹಿ ಪಡೆಯಿರಿ. ಸಹಿ ಸಿಗದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಅವತ್ತಿನಿಂದ ಮರದ ಒಡೆಯರು "ನನಗೆ ಗೊತ್ತಿರಲಿಲ್ಲ" ಎನ್ನುವಂತಿಲ್ಲ. ಹಾಗೆಂದು ಕಾಗದ ಪಡೆದವರು ಅದನ್ನು ಅವಮಾನವೆಂದು ತಿಳಿಯಬೇಡಿ. ಅದು ನಿಮ್ಮನ್ನೂ ಒಂದು ದೊಡ್ಡ ದುಃಖದಿಂದ ಕಾಯುತ್ತದೆ.

ಕಾಗದದ ಮಾತು ಬಂದಾಗ ನನ್ನದೊಂದು ತಪ್ಪನ್ನೂ ಹೇಳಬೇಕು. ವಕೀಲಿ ಶುರುಮಾಡಿದ ಹೊಸದರಲ್ಲಿ ಒಂದು ನುಗ್ಗೆಮರದ ವಿಚಾರಕ್ಕೆ ಲೀಗಲ್ ನೋಟೀಸು ಬರೆದೆ. ರೂಢಿಯಂತೆ "ಉದ್ದೇಶಪೂರ್ವಕವಾಗಿ ಹಾಗೂ ದುರುದ್ದೇಶದಿಂದ" ಎಂಬ ಮಾತು ಸೇರಿಸಿದೆ. ನುಗ್ಗೆಯನ್ನು ಒಂದೇ ವಾರದಲ್ಲಿ ಸವರಿದರು. ಆದರೆ ಆ ಎರಡು ಪದಗಳನ್ನು ಓದಿದವರು ಪಕ್ಕದ ಮನೆಯ ಮದುವೆಗೆ ಹೋಗಲಿಲ್ಲ, ಸಾವಿಗೂ ಹೋಗಲಿಲ್ಲ. ಮರ ಬೆಳೆದದ್ದು ದುರುದ್ದೇಶದಿಂದಲ್ಲ, ಅದು ನನಗೂ ಗೊತ್ತಿತ್ತು. ಆಮೇಲಿಂದ ನನ್ನ ಮರದ ನೋಟೀಸುಗಳಲ್ಲಿ ಆ ಪದಗಳು ಇಲ್ಲ.

ಮರದ ಒಡೆಯರು ನೋಡಬೇಕಾದದ್ದೇನು? ತೆಂಗಾದರೆ ಬುಡದಿಂದ ಆರಂಭಿಸಿ. ಬುಡದ ಹತ್ತಿರ ಕಾಂಡದಲ್ಲಿ ಕೆಂಗಂದು ರಸ ಸೋರುತ್ತಿದ್ದರೆ, ಅಣಬೆ ಮೂಡಿದ್ದರೆ ಅದು ಅಣಬೆ ರೋಗದ ಗುರುತು. ಒಳಗೆ ಬೇರು ಕೊಳೆಯುತ್ತಿರುತ್ತದೆ. ಕಾಂಡದಲ್ಲಿ ತೂತು ಬಿದ್ದು ಅಗಿದ ನಾರು ಹೊರಬರುತ್ತಿದ್ದರೆ ಕೆಂಪು ಮೂತಿ ಹುಳು ಹೊಕ್ಕಿದೆ. ಅಂಥ ಮರದ ತಲೆ ಒಂದು ದಿನ ಕಳಚಿ ಬೀಳಬಹುದು. ಬೇರೆ ಮರಗಳಲ್ಲಿ ಟೊಳ್ಳು, ಒಣಗಿದ ಕೊಂಬೆ, ಮಳೆಗೆ ಮೇಲೆದ್ದ ಬೇರು ಇವನ್ನು ನೋಡಿ. ಬಾಗಿದ ತೆಂಗು ಆರೋಗ್ಯವಾಗಿದ್ದರೆ ಉಕ್ಕಿನ ಹಗ್ಗ ಕಟ್ಟಿ ಎಳೆದು ನಿಲ್ಲಿಸಬಹುದು, ಗೊನೆಗಳನ್ನು ಎಳನೀರಿರುವಾಗಲೇ ಇಳಿಸಬಹುದು. ಮರ ಹತ್ತುವುದಕ್ಕೆ ತೆಂಗು ಅಭಿವೃದ್ಧಿ ಮಂಡಳಿ ಯುವಕ ಯುವತಿಯರಿಗೆ ತರಬೇತಿ ಕೊಟ್ಟಿದೆ, ಅಂಥವರನ್ನು ವಿಚಾರಿಸಿ.

ಬೇರುಗಳ ಮಾತು ಚಿಕ್ಕದಾಗಿ ಮುಗಿಸುತ್ತೇನೆ. ರೆಂಬೆಯ ನ್ಯಾಯವೇ ಬೇರಿಗೂ. ನಾರುಬೇರಿನ ತೆಂಗಿಗಿಂತ ಆಲ, ಅರಳಿ, ಅತ್ತಿಯ ಬೇರುಗಳು ಗೋಡೆಗೆ ಅಪಾಯ. ಪಕ್ಕದ ಬೇರು ನಿಮ್ಮ ತಳಪಾಯಕ್ಕೆ ಹಾನಿ ಮಾಡಿದ್ದು ಸಾಬೀತಾದರೆ ನಷ್ಟ ಕೇಳಬಹುದು. ಆದರೆ ದೊಡ್ಡ ಮರದ ಬೇರನ್ನು ಒಂದೇ ಕಡೆ ಕಡಿದರೆ ಮರ ಮುಂದಿನ ಗಾಳಿಗೆ ಯಾರ ಮನೆಯ ಮೇಲೆ ಬೀಳುತ್ತದೆಂದು ಮೊದಲು ತಿಳಿದವರಲ್ಲಿ ಕೇಳಿ. ಎಲೆ ಉದುರುವುದು, ಹೂ ಬೀಳುವುದು, ಅಂಗಳ ಗುಡಿಸಬೇಕಾಗುವುದು ಇಷ್ಟಕ್ಕೇ ನ್ಯಾಯಾಲಯಕ್ಕೆ ಹೋಗಬೇಡಿ. ಗಣನೀಯ ತೊಂದರೆ ಇದೆಯೇ ಎಂದು ನ್ಯಾಯಾಧೀಶರು ಕೇಳುತ್ತಾರೆ. ಹೊಲದ ಬದುವಿನ ಮರದ ನೆರಳಿಗೆ ರಾಗಿ ಏಳದಿದ್ದರೆ ಆ ನಷ್ಟ ನಿಜವಾದದ್ದು. ಅಲ್ಲಿ ಕೊಂಬೆ ಸವರಿಸಿಕೊಳ್ಳುವುದೇ ಎಲ್ಲಕ್ಕಿಂತ ಹತ್ತಿರದ ದಾರಿ.

ಮಾತಿಗೂ ಕಾಗದಕ್ಕೂ ಬಗ್ಗದಿದ್ದರೆ? ಪೊಲೀಸು ಠಾಣೆಗೆ ಹೋದರೆ "ಇದು ಸಿವಿಲ್ ಮ್ಯಾಟ್ರು" ಎಂಬ ಉತ್ತರ ಸಾಮಾನ್ಯ. ಬೀಳುವ ಸ್ಥಿತಿಯಲ್ಲಿರುವ ಮರಕ್ಕೆ ಬೇರೆ ದಾರಿಯಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಿನಲ್ಲಿ, ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 133ನೆಯ ಕಲಮಾಗಿದ್ದದ್ದು ಅದೇ, ಮರದ ಹೆಸರು ಹೇಳಿಯೇ ಬರೆದಿದ್ದಾರೆ. ಮರ ಬಿದ್ದು ನೆರೆಯಲ್ಲಿ ವಾಸಿಸುವವರಿಗೋ ದಾರಿಹೋಕರಿಗೋ ಗಾಯವಾಗುವ ಸಂಭವವಿದ್ದರೆ, ಅದನ್ನು ತೆಗೆಯಲು ಅಥವಾ ಆಧಾರ ಕೊಡಲು ಉಪವಿಭಾಗಾಧಿಕಾರಿಗಳಂಥ ದಂಡಾಧಿಕಾರಿಗಳು ಆದೇಶ ಮಾಡಬಹುದು. ಒಡೆಯರ ಮಾತನ್ನೂ ಅವರು ಕೇಳಬೇಕು. ಸಿವಿಲ್ ನ್ಯಾಯಾಲಯದಲ್ಲಿ 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ ಕೆಳಗೆ, ಇಂಥದ್ದನ್ನು ಮಾಡಿಸಿಕೊಡಬೇಕೆಂಬ ಆಜ್ಞೆ ಕೇಳಬಹುದು. ಅಲ್ಲಿ ನ್ಯಾಯಾಲಯ ನೇಮಿಸುವ ಕಮಿಷನರ್ ಬಂದು ಸ್ಥಳ ನೋಡಿ ವರದಿ ಕೊಡುವಂತೆ ಕೋರುವುದನ್ನು ಮರೆಯಬೇಡಿ. ಮರದ ವಾಲುವಿಕೆಯನ್ನು ಸಾಕ್ಷಿಗಳ ಬಾಯಲ್ಲಿ ಹೇಳಿಸುವುದಕ್ಕಿಂತ ಅಳೆದ ನಕ್ಷೆ ಲೇಸು.

ನಾನು ಹೆಚ್ಚಾಗಿ ಜನರನ್ನು ಕಳಿಸುವುದು ತಾಲ್ಲೂಕು ಕಾನೂನು ಸೇವಾ ಸಮಿತಿಗೆ. ನ್ಯಾಯಾಲಯದ ಆವರಣದಲ್ಲೇ ಅದರ ಕಚೇರಿ ಇರುತ್ತದೆ, 15100ಕ್ಕೆ ಫೋನು ಮಾಡಿದರೂ ದಾರಿ ಹೇಳುತ್ತಾರೆ. ದಾವೆ ಹೂಡುವ ಮೊದಲೇ ಲೋಕ ಅದಾಲತ್ತಿನಲ್ಲಿ ಕೂತು ಮಾತಾಡಬಹುದು. ಅಲ್ಲಿ ಆದ ರಾಜಿಗೆ ನ್ಯಾಯಾಲಯದ ಡಿಕ್ರಿಯ ಬಲ ಇದೆ, ಅದರ ಮೇಲೆ ಅಪೀಲು ಇಲ್ಲ. ನ್ಯಾಯಾಲಯ ಗೆದ್ದವರು ಸೋತವರು ಎಂದು ಬರೆಯುತ್ತದೆ. ರಾಜಿಯ ಪತ್ರದಲ್ಲಿ ಯಾವ ತಿಂಗಳು ಯಾರು ಏನು ಮಾಡಬೇಕು ಎಂದು ಬರೆಯಬಹುದು. ಗೋಡೆ ಹಂಚಿಕೊಂಡು ಬದುಕಬೇಕಾದವರಿಗೆ ಬೇಕಾದದ್ದು ಅದು.

ಆ ತೆಂಗಿನ ಮರದ ವಿಚಾರವೂ ಅಲ್ಲಿಗೇ ಹೋಯಿತು. ಅಜ್ಜಿ ದೂರದಿಂದ ಮಗನನ್ನು ಕರೆಸಿಕೊಂಡಿದ್ದರು. ಮರದ ಬುಡ ಗಟ್ಟಿಯಾಗಿತ್ತು, ರೋಗವಿರಲಿಲ್ಲ. ಮರ ಉಳಿಯಲಿ, ಉಕ್ಕಿನ ಹಗ್ಗ ಕಟ್ಟಿಸುವ ಖರ್ಚು ಅಜ್ಜಿಯದು, ಒಡೆದ ಹೆಂಚಿನ ಹಣವೂ ಅವರದು, ಎರಡು ತಿಂಗಳಿಗೊಮ್ಮೆ ಗೊನೆ ಇಳಿಸಬೇಕು, ಅದಕ್ಕೆ ಪಕ್ಕದವರು ತಮ್ಮ ಅಂಗಳ ಬಿಟ್ಟುಕೊಡಬೇಕು ಎಂದಾಯಿತು. ಮುಂದೆ ಮರಕ್ಕೆ ರೋಗ ಕಂಡರೆ ಕಡಿಸಲು ಅಜ್ಜಿಯ ಒಪ್ಪಿಗೆ. ಎಲ್ಲ ಬರೆದು ಓದಿ ಹೇಳಿದ ಮೇಲೆ ಅಜ್ಜಿ, "ಇನ್ನೊಂದು ಸಾಲು ಹಾಕಮ್ಮ" ಎಂದರು. "ಕಾಯಿ ಕೀಳಿಸೋ ಹಿಂದಿನ ದಿನಾನೇ ನಾನು ಹೇಳಿಕಳಿಸ್ತೀನಿ, ತೊಟ್ಟಿಲು ಒಳಗಿನ ಕೋಣೆಗೆ ಎತ್ತಿಕೊಳ್ಳಲಿ ಅಂತ." ಆ ಸಾಲನ್ನು ನನ್ನ ಕೈಯಾರೆ ಸೇರಿಸಿದೆ. ಇಬ್ಬರೂ ಅದರ ಕೆಳಗೆ ಸಹಿ ಹಾಕಿದರು.